ಕುಂಕುಮವಿಟ್ಟ ಮೀಟರು

ಅಂಜಮ್ಮ ತೀರಿಕೊಂಡ ಒಂಬತ್ತನೆಯ ದಿನ ಬೆಳಿಗ್ಗೆ ಅವರ ಮಗಳು ಗಂಗೋತ್ರಿ, ಹೊನ್ನಾಳಿಯ ಉಷಾರಾಣಿ ಮೇಡಂ ಮನೆಯ ಮೆಟ್ಟಿಲ ಮೇಲೆ ಬಂದು ಕೂತಿದ್ದಳು. ಬಾಗಿಲು ತಟ್ಟಿರಲಿಲ್ಲ. ಸೂತಕದವಳು ಒಳಗೆ ಕಾಲಿಡಬಾರದೆಂದು ತಾನೇ ತೀರ್ಮಾನಿಸಿಕೊಂಡು ಯಾರಾದರೂ ಹೊರಗೆ ಬರಲೆಂದು ಕಾಯುತ್ತಿದ್ದಳು. ಹಾಲು ತರಲು ಹೊರಟ ಮಾರುತೇಶ್ ಅವಳನ್ನು ಕಂಡು ಹೊಸ್ತಿಲಿನಿಂದ ಹಿಂದಕ್ಕೆ ಸರಿದ.

ಸರಿಯಲು ಕಾರಣವಿತ್ತು. ಮೇಡಂ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಮಾರುತೇಶ್ ಅವರ ಬಳಿಯೇ ಬಿ.ಎಸ್ಸಿ. ಓದಿದವನು, ವಿಜ್ಞಾನ ಕೈಗೆ ಹತ್ತದಿದ್ದರೂ ಗಂಟಲಿಗೆ ಮಿಮಿಕ್ರಿ ಹತ್ತಿತ್ತು. ಆರ್ಕೆಸ್ಟ್ರಾಗಳ ನಡುವೆ ಹತ್ತು ನಿಮಿಷ ನಿಂತು ಊರಿನವರ ದನಿಗಳನ್ನು ಊರಿಗೇ ಮಾರುತ್ತಿದ್ದ. ಅವನ ಹೆಸರುವಾಸಿ ಐಟಮ್ಮೆಂದರೆ ಬಸ್ ನಿಲ್ದಾಣದಲ್ಲಿ ಹೂವು ಮಾರುವ ಅಂಜಮ್ಮನ ಕೂಗು. ಎರಡು ತೋಳು ಚಾಚಿ ಹೂವಿನ ಮಾರು ಅಳೆಯುತ್ತಾ, "ಮೊಳ ಕೇಳಬ್ಯಾಡ್ರೀ, ಮಾರು ತಗೊಳ್ರೀ. ನನ್ ಕೈ ಉದ್ದ ಐತೆ, ನಿಮಗೇ ಲಾಭ" ಎನ್ನುತ್ತಿದ್ದಂತೆ ಪೆಂಡಾಲೇ ನಗುತ್ತಿತ್ತು. ಅಂಜಮ್ಮ ಒಮ್ಮೆ ಎದುರಿಗೇ ಕೂತು ನೋಡಿ, ನನಗಿಂತ ಚೆನ್ನಾಗಿ ಕೂಗ್ತೀಯಲ್ಲೋ, ನಾಳೆಯಿಂದ ಬುಟ್ಟಿ ನೀನೇ ಹೊತ್ಕೋ ಎಂದಿದ್ದರು. ಆ ದನಿಯ ಮಗಳು ಈಗ ದನಿಯಿಲ್ಲದೆ ಕೂತಿದ್ದಳು.

ಮೇಡಂ ಹೊರಗೆ ಬಂದವರೇ ಅವಳ ಪಕ್ಕದಲ್ಲಿ ಮೆಟ್ಟಿಲ ಮೇಲೇ ಕೂತರು. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದ ಹೆಂಗಸು. ನಿವೃತ್ತಿಯಾದ ಮೇಲೆ ಚನ್ನಗಿರಿಯಿಂದ ಜಗಳೂರಿನವರೆಗೆ ಜನ ತಮ್ಮ ಬಿಡಿಸಲಾಗದ ಗಂಟುಗಳನ್ನು ಅವರ ಮುಂದೆ ತಂದಿಡುತ್ತಿದ್ದರು. ಬಿಡಿಸಿದ್ದಕ್ಕೆ ಅವರು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಬಿಡಿಸುವಾಗ ಮಾರುತೇಶನ ಸ್ಕೂಟರಿನ ಹಿಂದಿನ ಸೀಟು ಮಾತ್ರ ಬೇಕಿತ್ತು.

"ಸೂತಕ ನನಗೆ ತಗಲಲ್ಲ, ಹೇಳಮ್ಮ" ಎಂದರು.

ಗಂಗೋತ್ರಿ ಹೇಳಿದ್ದರಲ್ಲಿ ಊರಿಗೆ ಗೊತ್ತಿಲ್ಲದ್ದು ಹೆಚ್ಚೇನಿರಲಿಲ್ಲ. ಹಿಂದಿನ ವಾರದ ಗುರುವಾರ ಬೆಳಿಗ್ಗೆ ಮಂಜು ಕವಿದಿತ್ತು. ಸಾಸ್ವೆಹಳ್ಳಿ ರಸ್ತೆಯ ತೋಟವೊಂದರಿಂದ ಸೇವಂತಿಗೆ ತುಂಬಿಕೊಂಡು ಅಂಜಮ್ಮ ಬಸ್ಸಿಗೆ ನಡೆದು ಬರುತ್ತಿದ್ದಾಗ ಕಾರೊಂದು ಗುದ್ದಿ ನಿಲ್ಲದೆ ಹೋಯಿತು. ಡೈರಿಗೆ ಹಾಲು ಒಯ್ಯುತ್ತಿದ್ದ ಅಂತರಘಟ್ಟಮ್ಮ ಎಂಬಾಕೆ ಅಲ್ಲಿಂದ ಒಂದು ಮೈಲಿ ಈಚೆಗೆ, ಆರೂ ಹತ್ತು ದಾಟಿದಾಗ, ಬಿಳಿ ಅಂಬಾಸಿಡರೊಂದು ಹೊನ್ನಾಳಿ ಕಡೆ ಓಡಿದ್ದನ್ನು ಹಿಂದಿನಿಂದ ಕಂಡಿದ್ದಳು. ಆರೂ ಮುಕ್ಕಾಲಿಗೆ ಬಂದ ಮೊದಲ ಬಸ್ಸಿನವರು ಅಂಜಮ್ಮನನ್ನು ಎತ್ತಿಕೊಂಡಾಗ ಇನ್ನೂ ಉಸಿರಿತ್ತು. ಬಸ್ಸು ಹತ್ತಿಸುವಷ್ಟರಲ್ಲಿ ಇರಲಿಲ್ಲ.

ಆ ದಿನ ಹೊನ್ನಾಳಿಯಲ್ಲಿದ್ದ ಬಿಳಿ ಅಂಬಾಸಿಡರುಗಳು ಎರಡೇ. ಒಂದು, ಮದುವೆಗಳಿಗೆ ಬಾಡಿಗೆಗೆ ಹೋಗುವ ನಾಗರಾಜನದು. ಇನ್ನೊಂದು ಜಗಳೂರಿನ ಬೈಲಪ್ಪನವರದು. ರಿಪೇರಿಗೆಂದು ಮುತ್ತುರಾಜನ ಗ್ಯಾರೇಜಿನಲ್ಲಿ ನಿಂತಿತ್ತು. ಮುತ್ತುರಾಜ ಅದನ್ನು ಟ್ರಯಲ್ಲಿಗೆಂದು ಐದೂ ಮುಕ್ಕಾಲಿಗೆ ಹೊರಗೆ ತೆಗೆದದ್ದನ್ನು ಚಹಾದಂಗಡಿಯವರು ನೋಡಿದ್ದರು. ಅದರ ಎಡಗಡೆಯ ಲೈಟಿನ ಗಾಜು ಒಡೆದಿತ್ತು. ತಾನು ಹೋದದ್ದು ನ್ಯಾಮತಿ ರಸ್ತೆಗೆ ಎಂದು ಮುತ್ತುರಾಜ ಹೇಳಿದ. ಆ ಮಂಜಿನಲ್ಲಿ ಅವನನ್ನು ಕಂಡವರು ಯಾರೂ ಇರಲಿಲ್ಲ. ಪೊಲೀಸರು ಹಿಡಿದರು, ಜಾಮೀನು ಸಿಕ್ಕಿತು, ಊರು ಮಾತ್ರ ಬಿಡಲಿಲ್ಲ.

ಮುತ್ತುರಾಜ ಅಂಜಮ್ಮನ ಸ್ವಂತ ಅಣ್ಣನ ಮಗ. ಮಾಘದಲ್ಲಿ ಅವನಿಗೂ ಗಂಗೋತ್ರಿಗೂ ಮದುವೆಯೆಂದು ಮಾತಾಗಿತ್ತು.

"ನಾಡಿದ್ದು ಭಾನುವಾರ ಹನ್ನೊಂದನೇ ದಿನ" ಎಂದಳು ಗಂಗೋತ್ರಿ. "ಅವತ್ತು ದೊಡ್ಡೋರೆಲ್ಲ ಸೇರಿ ಸಂಬಂಧ ಮುರೀತಾರಂತೆ. ಮುತ್ತುಮಾವನೇ ಮಾಡಿದಾನೆ ಅಂದ್ರೆ ಮಾಡಿದಾನೆ ಅಂತ ಹೇಳ್ರಿ ಮೇಡಂ, ತಡ್ಕೊಂತೀನಿ. ಮಾಡಿಲ್ಲ ಅಂದ್ರೆ ಅದನ್ನಾದ್ರೂ ಹೇಳ್ರಿ. ಎರಡೂ ಗೊತ್ತಿಲ್ದೆ ಅನ್ನ ಇಳಿಯಾಕೆ ಒಲ್ಲದು."

ಮೇಡಂ ಅವಳ ಕೈ ಹಿಡಿದುಕೊಂಡರು. ಭರವಸೆಯ ಮಾತೇನೂ ಆಡಲಿಲ್ಲ. ಮಾರುತೇಶನ ಕಡೆ ತಿರುಗಿ ಸ್ಕೂಟರು ತೆಗೆಯಲು ಹೇಳಿದರು.

ಬೈಲಪ್ಪನವರ ಕಾರು ಠಾಣೆಯ ಅಂಗಳದಲ್ಲಿ ಬೇವಿನ ಮರದ ಕೆಳಗಿತ್ತು. ಸಬ್ ಇನ್ಸ್‌ಪೆಕ್ಟರ್ ಮಂಜುನಾಥ ಕೂಡ ಮೇಡಂ ವಿದ್ಯಾರ್ಥಿಯೇ. ಖಾಕಿ ಹಾಕಿದ್ದರೂ ಅವರೆದುರು ಕೈ ಹಿಂದಕ್ಕೆ ಕಟ್ಟಿ ನಿಲ್ಲುವ ಅಭ್ಯಾಸ ಹೋಗಿರಲಿಲ್ಲ. ಮೇಡಂ ಒಡೆದ ಲೈಟಿನೊಳಗೆ ಬೆರಳಾಡಿಸಿ ತೋರಿಸಿದರು. ತುದಿಗೆ ತುಕ್ಕಿನ ಪುಡಿ ಮೆತ್ತಿತ್ತು.

"ರಸ್ತೆ ಮೇಲೆ ಗಾಜು ಸಿಕ್ಕಿತೇನಪ್ಪ?"

"ಇಲ್ಲ ಮೇಡಂ. ಬುಟ್ಟಿ ಇತ್ತು, ಚೆಲ್ಲಿದ ಹೂವಿತ್ತು, ಅಷ್ಟೆ."

ಆಮೇಲೆ ಮಾರುತೇಶನನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿದರು. ಕಾರಿನ ಮೂಲ ಮೀಟರುಗಳ ಪಕ್ಕದಲ್ಲಿ ಹೊಸದಾಗಿ ಒಂದು ದುಂಡು ಮೀಟರು ಕೂರಿಸಿದ್ದರು. ಎಂಜಿನ್ನಿನ ನೀರು ಎಷ್ಟು ಕಾದಿದೆಯೆಂದು ತೋರಿಸುವಂಥದ್ದು. ನಲವತ್ತರಿಂದ ನೂರಿಪ್ಪತ್ತರವರೆಗೆ ಅಂಕಿಗಳಿದ್ದವು. ಅದರ ಬೆನ್ನಿಗೆ ಏನು ಅಂಟಿದೆ ನೋಡು ಎಂದರು. ವೈರುಗಳು ಮೇಡಂ, ಬೇರೆ ಏನೂ ಇಲ್ಲ ಎಂದು ಅವನು ಧೂಳು ಕೊಡವಿಕೊಂಡು ಎದ್ದ.

ಅಲ್ಲಿಂದ ಮುತ್ತುರಾಜನ ಗ್ಯಾರೇಜಿಗೆ ಹೋದರು. ಬೀಗ ಬಿದ್ದಿತ್ತು. ಮರದ ಬಾಗಿಲ ಮೇಲೆ ಆ ವಾರದ ಕೆಲಸಗಳನ್ನು ಅವನೇ ಸೀಮೆಸುಣ್ಣದಲ್ಲಿ ಬರೆದಿದ್ದ. ಮೇಡಂ ಎರಡು ಸಾಲುಗಳ ಮುಂದೆ ನಿಂತರು: "ಬೈಲಪ್ಪ ಜಗಳೂರು, ಟ್ಯೂಬ್ ಮೀಟರ್. ನಾಗರಾಜ್, ವೈರ್ ಮೀಟರ್."

ಮಾರುತೇಶ್ ಅದನ್ನು ಎರಡು ಸಲ ಓದಿ, ಇದರಲ್ಲೇನಿದೆ ಎಂದು ಕೇಳಿದ.

"ಟ್ಯೂಬ್‌ಲೈಟು ಕಣೋ ನೀನು. ಹತ್ತೋಕೆ ಇನ್ನೂ ಹೊತ್ತಿದೆ, ನಡಿ" ಎಂದರು ಮೇಡಂ.

ಮುತ್ತುರಾಜ ಚನ್ನಗಿರಿಯಲ್ಲಿ ಅಕ್ಕನ ಮನೆಯ ಹಿತ್ತಲಲ್ಲಿ ಕೂತಿದ್ದ. ಗ್ರೀಸು ಕಾಣದೆ ಹತ್ತಿರ ಹತ್ತಿರ ಹತ್ತು ದಿನವಾಗಿ ಅವನ ಉಗುರುಗಳು ಬೆಳ್ಳಗಾಗಿದ್ದವು. ಆ ಕೈಗಳನ್ನು ಎಲ್ಲಿಡಬೇಕೆಂದು ಅವನಿಗೇ ತಿಳಿಯುತ್ತಿರಲಿಲ್ಲ. ಗುರುವಾರದ ವಿಷಯ ಕೇಳಿದರೆ ಪೊಲೀಸರಿಗೆ ಹೇಳಿದ್ದನ್ನೇ ಹೇಳಿದ. ಮೇಡಂ ಗುರುವಾರವನ್ನು ಬಿಟ್ಟುಬಿಟ್ಟರು. ತನ್ನ ಹತ್ತಿರ ಒಂದು ಹಳೆಯ ಕಾರಿದೆ ಎಂದುಕೋ, ನೀರಿನ ಮೀಟರು ಹಾಕಿಸಬೇಕು, ಟ್ಯೂಬಿನದು ಹಾಕಿಸಲೋ ವೈರಿನದೋ ಎಂದು ಗಿರಾಕಿಯ ಹಾಗೆ ಕೇಳಿದರು.

ಮಾರುತೇಶನ ಕಣ್ಣೆದುರೇ ಆ ಮನುಷ್ಯನಿಗೆ ಜೀವ ಬಂತು. ನೆಲದ ಮೇಲೆ ಕಡ್ಡಿಯಲ್ಲಿ ಗೀರಿ ಗೀರಿ ತೋರಿಸಿದ. ಟ್ಯೂಬಿನದಕ್ಕೆ ಎಂಜಿನ್ನಿನ ನೀರಿನಲ್ಲಿ ಒಂದು ಗುಂಡು ಕೂರುತ್ತದೆ, ಅಲ್ಲಿಂದ ಮೀಟರಿನ ಬೆನ್ನಿನವರೆಗೆ ಕೂದಲಿನಂಥ ತಾಮ್ರದ ಕೊಳವೆ. ಒಳಗಿರುವ ದ್ರವ ಬಿಸಿಗೆ ಹಿಗ್ಗಿ ಸೂಜಿಯನ್ನು ತಳ್ಳುತ್ತದೆ. ಹಾಕುವುದು ಕಷ್ಟ; ಕೊಳವೆ ಒಮ್ಮೆ ಮುರಿದು ಮಡಚಿತೋ ಮೀಟರೇ ಹೋಯಿತು. ವೈರಿನದು ಸುಲಭ, ಎಲ್ಲಿ ಬೇಕಾದರೂ ಎಳೆಯಬಹುದು, ನೋಡಲೂ ಚೊಕ್ಕ. ಆದರೆ ಅರ್ತಿಂಗ್ ಸರಿಯಿಲ್ಲದ ಹಳೆಯ ಕಾರುಗಳಲ್ಲಿ ಸೂಜಿ ಕುಣಿಯುತ್ತದೆ.

"ವೈರಿಂದು ಕೆಟ್ಟದ್ದು ಅಂತಲ್ಲ ಮೇಡಂ. ಅದಕ್ಕೆ ಬಾಯಿ ಬಿಡಾಕೆ ಕರೆಂಟು ಬೇಕು. ಟ್ಯೂಬಿಂದಕ್ಕೆ ಬಿಸಿ ಒಂದಿದ್ರೆ ಸಾಕು. ಎರಡರದ್ದೂ ಮುಖ ಒಂದೇ, ಬೆನ್ನು ಬೇರೆ."

"ಬೈಲಪ್ಪನವರಿಗೆ ಯಾವುದು ಹಾಕಿದೆ?"

ಕಡ್ಡಿ ನಿಂತಿತು. "ಕೆಲಸದಾಗೆ ಒಂದು ತಪ್ಪು ಮಾಡೀನಿ. ಗಿರಾಕಿಗೆ ಹೇಳ್ದಂಗೆ ಮಾಡಬಾರದಾಗಿತ್ತು. ಅದಕ್ಕೂ ಅತ್ತೆ ಸಾವಿಗೂ ಸಂಬಂಧ ಇಲ್ಲ. ಬೈಲಪ್ಪಾರಿಗೆ ನಾನೇ ಹೇಳ್ತೀನಿ, ನೀವು ಹೇಳಬ್ಯಾಡ್ರಿ" ಎಂದ. ಕೊಲೆಗಾರನೆನ್ನಿಸಿಕೊಂಡಾಗಲೂ ತಗ್ಗದ ತಲೆ ಇದಕ್ಕೆ ತಗ್ಗಿತ್ತು.

ಶನಿವಾರ ನಾಗರಾಜನ ಮನೆಗೆ ಹೋದರು. ನಲವತ್ತರ ಆಸುಪಾಸಿನ, ನಯವಾಗಿ ಮಾತನಾಡುವ ಮನುಷ್ಯ. ಮುತ್ತುರಾಜ ಮೀಟರು ಹಾಕಿ ಬುಧವಾರ ಸಂಜೆ ಏಳಕ್ಕೆ ಕಾರು ತಂದು ಶೆಡ್ಡಿನಲ್ಲಿ ನಿಲ್ಲಿಸಿ ಹೋದನೆಂದ. ಅಲ್ಲಿಂದ ಮರುದಿನ ಎಂಟಕ್ಕೆ ಸೂರಗೊಂಡನಕೊಪ್ಪದ ಕಡೆಯ ಮದುವೆಗೆ ಹೊರಡುವವರೆಗೆ ಎಂಜಿನ್ನು ಶುರುವೇ ಆಗಿರಲಿಲ್ಲವಂತೆ. ಡ್ರೈವರ್ ಕಲ್ಲೇಶಪ್ಪ ನ್ಯಾಮತಿಯಿಂದ ಬಸ್ಸಿನಲ್ಲಿ ಬಂದದ್ದೇ ಏಳೂವರೆಗೆ. ಮೇಡಂ ಹೊಸ ಮೀಟರನ್ನು ಮೆಚ್ಚಿಕೊಂಡರು.

"ವೈರಿಂದೇ ಬೇಕು ಅಂತ ಹಠ ಮಾಡಿ ಹಾಕ್ಸಿದ್ದು" ಎಂದ ನಾಗರಾಜ. "ಅವ್ವ ಮುಂದಿನ ಸೀಟಿನಾಗೇ ಕೂರ್ತಾಳೆ. ಎಂಜಿನ್ನಿಂದ ಟ್ಯೂಬು ಅವಳ ಕಾಲ ಹತ್ರ ಬರೋದು ನಂಗಿಷ್ಟ ಇಲ್ಲ."

ಆ ಮನೆಯಲ್ಲಿ ಒಂದು ರೂಢಿಯಿತ್ತು. ಮದುವೆಗೆ ಹೊರಡುವ ದಿನ ಬೆಳಿಗ್ಗೆ ಕಾರನ್ನು ತೊಳೆದು, ನಾಗರಾಜನ ತಾಯಿ ಸಾವಂತ್ರಮ್ಮ ಪೂಜೆ ಮಾಡುವರು. ಕಾರಿನ ಕೀ ಪೂಜೆಯ ತಟ್ಟೆಯಲ್ಲಿರಬೇಕು. ಮಂಗಳಾರತಿಯಾಗದೆ ಯಾರೂ ಅದನ್ನು ಮುಟ್ಟುವಂತಿಲ್ಲ. ಆ ದಿನ ಹೊಸ ಮೀಟರು ಬಂದ ಸಂಭ್ರಮಕ್ಕೆ ಸಾವಂತ್ರಮ್ಮ ಕಾರಿನೊಳಗಿನ ಫೋಟೊವನ್ನೂ ಮೊಬೈಲಿನಲ್ಲಿ ತೆಗೆದಿದ್ದರು. ತೊಳೆದು ಪೂಜೆಗೆ ನಿಂತ ಕಾರು ರಾತ್ರಿಯಿಂದ ಹೊರಗೆ ಹೋಗಿಲ್ಲವೆಂದು ಪೊಲೀಸರು ಒಪ್ಪಿದ್ದು ಅದನ್ನೇ ನೋಡಿ. ಮುಂದಿನ ಸೀಟಿನ ಮೇಲೆ ಹಿತ್ತಾಳೆ ತಟ್ಟೆ, ಅದರಲ್ಲಿ ನಿಂಬೆಹಣ್ಣು, ಕೀ. ಮೂಲ ಮೀಟರುಗಳಲ್ಲಿ ಡೀಸೆಲ್ಲಿನ ಮುಳ್ಳು ಕೆಳಗೆ ಮಲಗಿತ್ತು. ಹೊಸ ಮೀಟರಿನ ಅಂಚಿಗೆ ಕುಂಕುಮದ ಬೊಟ್ಟು. ಗಾಜಿನೊಳಗೆ ಸೂಜಿ ಎಪ್ಪತ್ತರ ಮೇಲೆ ನಿಂತಿತ್ತು. ಫೋಟೊ ತೆಗೆದ ಹೊತ್ತು ಆರೂ ಐವತ್ತು. ಸಾವಂತ್ರಮ್ಮ ಅದನ್ನು ಮಾರುತೇಶನ ಫೋನಿಗೂ ಕಳಿಸಿ, ದೃಷ್ಟಿ ತಾಗಬಾರದು ಎಂದು ಲಟಿಕೆ ಮುರಿದರು. ಆಮೇಲೆ ಮಗನ ಅಚ್ಚುಕಟ್ಟಿನ ಬಗ್ಗೆ ಕಾಲು ಗಂಟೆ ಮಾತನಾಡಿದರು.

ಮನೆಗೆ ಬಂದ ಮೇಲೆ ಮೇಡಂ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತರು. "ಸಾವಂತ್ರಮ್ಮ ಏನು ಹೇಳಿದರು ಅಂತ ನೀನು ಹೇಳೋದು ಬೇಡ. ಅವರ ಹಾಗೇ ಹೇಳು."

ಇದು ಅವರಿಬ್ಬರ ಹಳೆಯ ಪದ್ಧತಿ. ಸಾರಾಂಶ ಹೇಳಲು ಹೋದರೆ ಮಾರುತೇಶ್ ಅರ್ಧ ಮರೆಯುತ್ತಿದ್ದ. ದನಿ ಹಿಡಿದನೋ ಒಂದು ಕೆಮ್ಮೂ ತಪ್ಪುತ್ತಿರಲಿಲ್ಲ. ಅವನು ಸೆರಗು ಎಳೆದುಕೊಂಡವನಂತೆ ಹೆಗಲು ಮುಟ್ಟಿಕೊಂಡು ಶುರುಮಾಡಿದ. "ನಮ್ ನಾಗ ಭಾರಿ ಅಚ್ಚುಕಟ್ಟು ಕಣಮ್ಮ. ಬ್ಯಾರೆ ದಿನ ದೇವರ ಮನೆ ಮೊಳೆಯಿಂದ ಕೀ ನಾನೇ ತಗೋಬೇಕು, ತಟ್ಟೆಗೆ ನಾನೇ ಇಡಬೇಕು. ಅವತ್ತು ನೋಡು, ಕೇಳಾಕೆ ಮುಂಚೇನೇ ತಾನೇ ತಂದಿಟ್ಟ. ಹೊಸ ಮೀಟರು ಅಂತ ಅಷ್ಟು ಖುಷಿ ನನ್ ಮಗಂಗೆ."

"ಕೀ ವಿಷಯ ಇನ್ನೊಂದು ಸಲ."

ಅವನು ಇನ್ನೊಂದು ಸಲ ಹೇಳಿದ. ಮೇಡಂ ಕಣ್ಣು ತೆರೆದರು. ಆ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

"ಫೈನಲ್ ಇಯರ್ ಪ್ರಾಕ್ಟಿಕಲ್ಲಿನಲ್ಲಿ ಬಿಸಿ ನೀರು ತಣ್ಣಗಾಗೋದನ್ನ ನಿಮಿಷ ನಿಮಿಷಕ್ಕೂ ನೋಡಿ ಬರೀಬೇಕಿತ್ತು. ನೀನು ಕ್ಯಾಂಟೀನಿನಲ್ಲಿ ಕೂತು ರೀಡಿಂಗ್ ಬರೆದೆ. ಹೌದಾ?"

"ಹೌದು ಮೇಡಂ."

"ನಾಳೆ ಬೆಳಿಗ್ಗೆ ಪೂರ್ತಿ ನೋಡುವೆಯಂತೆ. ಮಂಜುನಾಥನಿಗೆ ಫೋನು ಮಾಡು."

ಭಾನುವಾರ ಬೆಳಗಾಗುವ ಹೊತ್ತಿಗೆ ನಾಗರಾಜನ ಶೆಡ್ಡಿನ ಮುಂದೆ ಎಲ್ಲರೂ ಸೇರಿದ್ದರು. ಜಗಳೂರಿನಿಂದ ಬೈಲಪ್ಪನವರು ರುಮಾಲು ಸುತ್ತಿಕೊಂಡು ಬಂದಿದ್ದರು. ಕಲ್ಲೇಶಪ್ಪ ಗೋಡೆಗೆ ಒರಗಿ ನಿಂತಿದ್ದ. ಗಂಗೋತ್ರಿ ಒಂದು ಕಡೆ, ಮುತ್ತುರಾಜ ಇನ್ನೊಂದು ಕಡೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಅದೇ ಮಂಜು, ಅದೇ ಚಳಿ. ಶನಿವಾರ ಸಂಜೆಯೇ ಮೇಡಂ ಒಂದು ಕೆಲಸ ಮಾಡಿಸಿದ್ದರು: ಕಾರನ್ನು ಏಳಕ್ಕೆ ಶೆಡ್ಡಿನಲ್ಲಿ ನಿಲ್ಲಿಸಿ ಮಂಜುನಾಥ ಬೀಗ ಹಾಕಿಕೊಂಡು ಹೋಗಿದ್ದ. ಬೆಳಿಗ್ಗೆ ಐದೂವರೆಗೆ ಬೀಗ ತೆಗೆದು, ಎಂಜಿನ್ನು ಶುರುಮಾಡುವ ಮೊದಲು ಹೊಸ ಮೀಟರಿನ ಫೋಟೊ ತೆಗೆದಿದ್ದ. ಆಮೇಲೆ ಸಾಸ್ವೆಹಳ್ಳಿ ರಸ್ತೆಯ ಆ ಜಾಗದವರೆಗೆ ಓಡಿಸಿಕೊಂಡು ಹೋಗಿ, ಆರೂ ಹತ್ತಕ್ಕೆ ಅಲ್ಲಿಂದ ತಿರುಗಿ, ಆರೂ ಇಪ್ಪತ್ತೆರಡಕ್ಕೆ ಶೆಡ್ಡಿಗೆ ಬಂದು ನಿಂತ. ಸೂಜಿ ಎಂಬತ್ತೈದರ ಮೇಲಿತ್ತು.

ಮೇಡಂ ಸಾವಂತ್ರಮ್ಮನ ಕಡೆ ತಿರುಗಿದರು. "ಅಮ್ಮಾ, ಪೂಜೆಗೆ ಇಡುವ ಹಾಗೆ ಕೀ ತೆಗೆದು ತಟ್ಟೆಗೆ ಇಡ್ತೀರಾ?"

ಸಾವಂತ್ರಮ್ಮ ಕೀ ತಿರುಗಿಸಿ ಎಳೆದುಕೊಂಡರು. ಎಂಜಿನ್ನು ನಡುಗಿ ನಿಂತಿತು. ಡೀಸೆಲ್ಲಿನ ಮುಳ್ಳು ಸುಸ್ತಾದವರ ಹಾಗೆ ಕೆಳಗೆ ಒರಗಿತು. ಹೊಸ ಮೀಟರಿನ ಸೂಜಿ ಅಲುಗಲಿಲ್ಲ.

ನಾಗರಾಜ ಬಗ್ಗಿ ನೋಡಿದ. "ಮೀಟರು ಕೆಟ್ಟೈತೆ" ಎಂದ.

"ಕೆಟ್ಟಿಲ್ಲ" ಎಂದರು ಮೇಡಂ. "ಮುತ್ತುರಾಜ, ಬೈಲಪ್ಪನವರು ಇಲ್ಲೇ ಇದ್ದಾರೆ. ಹೇಳಬೇಕು ಅಂದಿದ್ದನ್ನು ಈಗ ಹೇಳಪ್ಪ."

ಮುತ್ತುರಾಜ ಹೇಳಿದ, ಬೈಲಪ್ಪನವರ ಕಾಲಿನ ಕಡೆ ನೋಡುತ್ತಾ. ಬುಧವಾರ ನಾಗರಾಜನ ಕಾರಿಗೆ ವೈರಿನ ಮೀಟರು ಹಾಕಿದರೆ ಸೂಜಿ ಮೇಲೆ ಕೆಳಗೆ ಕುಣಿಯಿತು. ಅರ್ತಿಂಗ್ ಹುಡುಕಲು ಇಡೀ ದಿನ ಬೇಕಿತ್ತು, ಬೆಳಗಾದರೆ ಮದುವೆ. ಬೈಲಪ್ಪನವರಿಗೆಂದು ತರಿಸಿದ್ದ ಟ್ಯೂಬಿನ ಮೀಟರು ಪಕ್ಕದಲ್ಲೇ ಇತ್ತು. ಹೊರಗಿನಿಂದ ನೋಡಿದರೆ ಎರಡೂ ಅವಳಿ ಜವಳಿ. ಅದನ್ನು ನಾಗರಾಜನಿಗೆ ಹಾಕಿ, ವೈರಿನದನ್ನು ಬೈಲಪ್ಪನವರ ಕಾರಿಗೆ ಹಾಕಿ, ಗುರುವಾರ ಬೆಳಿಗ್ಗೆ ನ್ಯಾಮತಿ ರಸ್ತೆಯಲ್ಲಿ ಓಡಿಸಿ ಪರೀಕ್ಷೆ ಮಾಡಿದ್ದ. ಮದುವೆ ಮುಗಿದ ಮೇಲೆ ಬದಲಿಸಿದರಾಯಿತು, ಯಾರಿಗೆ ತಿಳಿಯುತ್ತದೆ ಎಂದುಕೊಂಡಿದ್ದ.

"ಹಿಂದೆ ವೈರು ಕಡಿದು ಮೀಟರು ತಣ್ಣಗೈತೆ ತಣ್ಣಗೈತೆ ಅಂತಿದ್ದಾಗಲೇ ನನ್ ಎಂಜಿನ್ನು ಸುಟ್ಟಿದ್ದು" ಎಂದರು ಬೈಲಪ್ಪ. "ಅದಕ್ಕೇ ನಿನಗೆ ಬಾಯಿ ಬಿಟ್ಟು ಟ್ಯೂಬಿಂದೇ ಹಾಕು ಅಂದಿದ್ದೆ."

"ತಪ್ಪಾಯ್ತು ಯಜಮಾನ್ರೇ."

"ಆ ತಪ್ಪು ಬಾಗಿಲ ಮೇಲೇ ಬರೆದಿತ್ತು" ಎಂದು ಮೇಡಂ ಮುಂದುವರಿಸಿದರು. "ಬೈಲಪ್ಪನವರಿಗೆ ಟ್ಯೂಬು ಅಂತ ಬಾಗಿಲು ಹೇಳ್ತಿತ್ತು, ಅವರ ಕಾರಿನಲ್ಲಿ ವೈರು ಇತ್ತು. ಹಾಗಾದರೆ ಟ್ಯೂಬು ಇಲ್ಲಿರಲೇಬೇಕು. ಇನ್ನು ಒಡೆದ ಲೈಟು. ಗುದ್ದಿದಾಗ ಒಡೆದಿದ್ದರೆ ರಸ್ತೆಯಲ್ಲಿ ಗಾಜು ಬೀಳಬೇಕಿತ್ತು. ಬಿದ್ದಿರಲಿಲ್ಲ. ಒಳಗೆ ತುಕ್ಕು ಹಿಡಿದಿದೆ, ಒಡೆದು ತಿಂಗಳುಗಳಾಗಿವೆ. ಗುದ್ದಿದ್ದು ಬೈಲಪ್ಪನವರ ಕಾರಲ್ಲ ಅಂತ ನನಗೆ ಅಲ್ಲೇ ಅನುಮಾನ ಬಂತು. ಅನುಮಾನ ಸಾಲದು. ಕಾಯೋಣ. ಮಾರುತೇಶ, ಓದುತ್ತಾ ಹೋಗು."

ಮಾರುತೇಶ್ ಚಾಲಕನ ಸೀಟಿನ ಬಾಗಿಲ ಬಳಿ ಮಂಡಿಯೂರಿ ಕೂತ. ಹರಿಯುವುದು ನಿಂತ ನೀರು ಇನ್ನಷ್ಟು ಕಾದು ಮೊದಲು ಸೂಜಿ ಎರಡು ಗೆರೆ ಮೇಲೇರಿತು. ಆಮೇಲೆ ಕಣ್ಣಿಗೆ ಕಾಣದಷ್ಟು ನಿಧಾನಕ್ಕೆ ಇಳಿಯತೊಡಗಿತು. ಐದು ನಿಮಿಷಕ್ಕೊಮ್ಮೆ ಅವನು ಅಂಕಿ ಹೇಳಿದ. ಇಷ್ಟು ದೀರ್ಘ ಅರ್ಧ ಗಂಟೆಯನ್ನು ಅವನು ಯಾವ ವೇದಿಕೆಯ ಮೇಲೂ ಕಂಡಿರಲಿಲ್ಲ. ನಾಗರಾಜ ಎರಡು ಸಲ ಒಳಗೆ ಹೋಗಲು ತಿರುಗಿದ; ಎರಡು ಸಲವೂ ಮೇಡಂ ಅವನ ಕಡೆ ನೋಡಿದ್ದಕ್ಕೇ ನಿಂತ.

ಆರೂ ಮುಕ್ಕಾಲಿಗೆ ಮೇಡಂ ಗಡಿಯಾರ ನೋಡಿಕೊಂಡರು.

"ಆರೂ ಹತ್ತಕ್ಕೆ ಮಂಜುನಾಥ ಆ ಜಾಗ ಬಿಟ್ಟ. ಈಗ ಮೂವತ್ತೈದು ನಿಮಿಷ ಆಯಿತು. ಅಂಜಮ್ಮ ಇಲ್ಲಿಯವರೆಗೆ ಬದುಕಿದ್ದರು."

ಗಂಗೋತ್ರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಶೆಡ್ಡಿನ ತಗಡಿನ ಮೇಲಿಂದ ಮಂಜಿನ ಹನಿಗಳು ತೊಟ್ಟಿಕ್ಕುತ್ತಿದ್ದವು. ಮಾರುತೇಶನ ಕಣ್ಣು ಮಂಜಾಗಿ ಅಂಕಿ ಎರಡೆರಡಾಗಿ ಕಂಡಿತು, ಒರೆಸಿಕೊಂಡು ನೋಡಿದ.

ಆರೂ ಐವತ್ತಕ್ಕೆ ಸೂಜಿ ಎಪ್ಪತ್ತೊಂದರಲ್ಲಿತ್ತು. ಮೇಡಂ ಫೋನಿನಲ್ಲಿದ್ದ ಸಾವಂತ್ರಮ್ಮನ ಫೋಟೊವನ್ನು ಎಲ್ಲರಿಗೂ ತೋರಿಸಿದರು. ಕೀ ತಟ್ಟೆಯಲ್ಲಿ. ಡೀಸೆಲ್ಲಿನ ಮುಳ್ಳು ಕೆಳಗೆ. ಕುಂಕುಮದ ಪಕ್ಕದ ಸೂಜಿ ಎಪ್ಪತ್ತರ ಮೇಲೆ. ಆಮೇಲೆ ಮಂಜುನಾಥ ತನ್ನ ಫೋಟೊ ತೋರಿಸಿದ: ಇದೇ ಕಾರು, ಇದೇ ಶೆಡ್ಡು, ರಾತ್ರಿಯಿಡೀ ನಿಂತ ಮೇಲೆ ಸೂಜಿ ನಲವತ್ತಕ್ಕಿಂತ ಕೆಳಗೆ, ಬುಡದಲ್ಲಿ.

"ನಾಗರಾಜ್, ಈ ಫೋಟೊ ತೋರಿಸಿ ನೀವು ಬಚಾವಾಗಿದ್ದಿರಿ. ಮೀಟರು ವೈರಿನದೇ ಅಂತ ನಂಬಿದ್ದರಿಂದ, ಕೀ ತೆಗೆದ ಮೇಲೆ ಅದು ಏನೂ ಹೇಳಲ್ಲ ಅಂದುಕೊಂಡಿರಿ. ಅದು ಹೇಳಿದೆ. ಆ ಗುರುವಾರ ಆರೂ ಐವತ್ತಕ್ಕೆ ಈ ಎಂಜಿನ್ನು ಬಿಸಿಯಾಗಿತ್ತು. ಅರ್ಧ ಗಂಟೆ ಮುಂಚೆಯಷ್ಟೇ ಹೊರಗಿನಿಂದ ಬಂದಿತ್ತು."

ನಾಗರಾಜ ಗೋಡೆಯ ಕಡೆ ಕೈ ತೋರಿಸಿದ. "ಕಲ್ಲೇಶಪ್ಪ ತಗೊಂಡು ಹೋಗಿರ್ಬೇಕು. ನಂಗೇನು ಗೊತ್ತು" ಎಂದ.

ಇಪ್ಪತ್ತು ವರ್ಷ ಆ ಮನೆಯ ಕಾರು ಓಡಿಸಿದ ಕಲ್ಲೇಶಪ್ಪ ಗೋಡೆ ಬಿಟ್ಟು ನೆಟ್ಟಗೆ ನಿಂತ. ಅವನನ್ನು ನ್ಯಾಮತಿಯಿಂದ ಕರೆತಂದ ಬಸ್ಸಿನ ಕಂಡಕ್ಟರನ್ನು ಆಗಲೇ ವಿಚಾರಿಸಿದ್ದೇನೆ ಎಂದು ಮಂಜುನಾಥ ಹೇಳತೊಡಗಿದ. ಅಷ್ಟರಲ್ಲಿ ಸಾವಂತ್ರಮ್ಮ ತಟ್ಟೆಯನ್ನು ಕಾರಿನ ಮೇಲೆ ಇಟ್ಟರು.

"ಕೀ ನೀನೇ ತಂದಿಟ್ಟೆ, ನಾಗಾ" ಎಂದರು.

"ಅವ್ವಾ."

"ಮೊಳೆ ಮೇಲಿನ ಕೀ ಬೆಳಿಗ್ಗೆ ತಣ್ಣಗೆ ಕೊರೀತಿರ್ತೈತೆ. ಕುಂಕುಮ ಇಡೋವಾಗ ಮುಟ್ಟಿದೆ. ಅವತ್ತು ಬೆಚ್ಚಗಿತ್ತು. ಜೇಬಿನಾಗಿಂದ ತೆಗೆದಂಗಿತ್ತು. ಮಗ ಹೊಸ ಮೀಟರು ನೋಡಾಕೆ ಎದ್ದಾನೆ ಅಂದ್ಕೊಂಡೆ ನಾನು." ಅವರ ದನಿ ಏರಲಿಲ್ಲ. "ಕಲ್ಲೇಶಿ ಮೇಲೆ ಹಾಕಬ್ಯಾಡ."

ಮೇಡಂ ಹೇಳಬೇಕೆಂದಿದ್ದ ಕೊನೆಯ ಮಾತು ಅದೇ ಆಗಿತ್ತು. ತಾಯಿಯ ಬಾಯಿಂದ ಬಂದ ಮೇಲೆ ಅವರು ಅದನ್ನು ಮತ್ತೆ ಹೇಳಲಿಲ್ಲ.

ನಾಗರಾಜ ಕಾರಿನ ತೆರೆದ ಬಾಗಿಲ ಅಂಚಿಗೆ ಕೂತ. ಹೊಸ ಮೀಟರು ಹೇಗಿದೆಯೆಂದು ನೋಡುವ ಆಸೆಗೆ ಬೆಳಗಿನ ಜಾವ ಒಂದು ಸುತ್ತು ಹೋಗಿದ್ದನಂತೆ. "ಸೂಜಿ ಏರ್ತಾ ಐತಾ ಅಂತ ನೋಡ್ತಿದ್ದೆ. ಎಂಬತ್ತು ದಾಟ್ತು, ಖುಷಿ ಆತು. ತಲೆ ಎತ್ತಿದ್ರೆ ಎದುರಿಗೆ ಬುಟ್ಟಿ. ಕಾರು ನಿಲ್ಲಿಸಿದೆ. ಇಳಿಯಾಕೆ ಬಾಗಿಲೂ ತೆಗೆದೆ. ಹೂವು ಚೆಲ್ಲಿದ್ದು ಕಾಣ್ತು. ಆಮೇಲೆ ಬಾಗಿಲು ಹಾಕ್ಕೊಂಡೆ." ತಟ್ಟೆಯ ಕಡೆ ನೋಡುತ್ತಾ, "ಮದುವೆ ಮನೆಗೆ ಹೊತ್ತಾಗ್ತಿತ್ತು" ಎಂದ. ಅಷ್ಟು ಚಿಕ್ಕ ಕಾರಣವನ್ನು ಬಾಯಲ್ಲಿ ಕೇಳಿ ಅವನಿಗೇ ನಾಚಿಕೆಯಾದಂತೆ ಮುಖ ಮುಚ್ಚಿಕೊಂಡ.

ಕಬ್ಬಿಣದ ಬಂಪರಿಗೆ ಏನೂ ಆಗಿರಲಿಲ್ಲ. ಆದರೆ ಪೇದೆಯೊಬ್ಬ ಟಾರ್ಚು ಹಾಕಿ ಹುಡುಕಿದಾಗ ನಂಬರ್ ಪ್ಲೇಟಿನ ಹಿಂದೆ, ನೀರು ತಾಗದ ಸಂದಿಯಲ್ಲಿ, ಬುಟ್ಟಿಯ ಬಿದಿರಿನ ಸೀಳೊಂದು ಸಿಕ್ಕಿತು. ಮಂಜುನಾಥ ಕೀ ಕೇಳಿದ. ಸಾವಂತ್ರಮ್ಮ ತಟ್ಟೆಯಿಂದ ಅದನ್ನೆತ್ತಿ ಸೆರಗಿನಲ್ಲಿ ಕುಂಕುಮ ಒರೆಸಿ ತಾವೇ ಕೊಟ್ಟರು. ಗಂಗೋತ್ರಿಯ ಮುಂದೆ ಬಂದು ಎರಡು ಕೈ ಜೋಡಿಸಿದರು. ಗಂಗೋತ್ರಿ ಕ್ಷಮಿಸಿದೆ ಎನ್ನಲಿಲ್ಲ. ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳಷ್ಟೆ.

ಜೀಪು ಹೋದ ಮೇಲೆ ಮೇಡಂ ಮುತ್ತುರಾಜನಿಗೆ ಒಂದೇ ಮಾತು ಹೇಳಿದರು. "ಬದಲಿಸಿದ್ದನ್ನು ಮೊದಲ ದಿನವೇ ಹೇಳಿದ್ದರೆ ಈ ಹುಡುಗಿಗೆ ಅಷ್ಟು ದಿನಗಳ ನಿದ್ದೆ ಉಳಿಯುತ್ತಿತ್ತು."

ಅವನು ತಲೆಯಾಡಿಸಿದ. ಬೈಲಪ್ಪನವರು ರುಮಾಲು ಬಿಗಿದುಕೊಂಡು, ಆ ಟ್ಯೂಬಿನ ಮೀಟರು ಅಲ್ಲೇ ಇರಲಿ, ಕೋರ್ಟಿನಲ್ಲಿ ಅದಕ್ಕೆ ಕೆಲಸವಿದೆ, ನನಗೆ ಇನ್ನೊಂದು ತರಿಸು ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ, "ಟ್ಯೂಬಿಂದೇ ಮತ್ತೆ" ಎಂದರು.

ಗಂಗೋತ್ರಿ ಮುತ್ತುರಾಜನ ಹತ್ತಿರ ಬಂದಳು. "ತಿಥಿಗೆ ಎಡೆ ಇಡೋದು ಹನ್ನೊಂದಕ್ಕೆ, ಮಾವ. ನೀನಿಲ್ದೆ ಯಾರಿಡ್ತಾರೆ" ಎಂದಳು. ಅವನು ಬೆಳ್ಳಗಾದ ಉಗುರುಗಳನ್ನು ನೋಡಿಕೊಳ್ಳುತ್ತಾ ಅವಳ ಹಿಂದೆ ಹೊರಟ.

ರಸ್ತೆಯ ತಿರುವಿನಲ್ಲಿ ಅವಳು ನಿಂತು ಮಾರುತೇಶನನ್ನು ಕರೆದಳು. "ಅಣ್ಣಾ, ಅಮ್ಮನ ದನಿ ನನ್ ಫೋನಿನಾಗೆ ಎಲ್ಲೂ ಇಲ್ಲ. ಹುಡುಕಿದೆ. ನಿನ್ ಹತ್ರ ಒಂದೇ ಇರೋದು."

ಮಾರುತೇಶನಿಗೆ ಅರ್ಥವಾಯಿತು. ಆಗುವುದಿಲ್ಲ ಎಂದು ಹೇಳಲು ಮೇಡಂ ಕಡೆ ನೋಡಿದ. ಅವರು ಸ್ಕೂಟರಿನ ಪಕ್ಕದಲ್ಲಿ ಸುಮ್ಮನೆ ನಿಂತಿದ್ದರು. ಪೆಂಡಾಲಿರಲಿಲ್ಲ, ಮೈಕಿರಲಿಲ್ಲ, ಮಂಜು ಆಗ ತಾನೇ ಹರಿಯುತ್ತಿತ್ತು. ಅವನು ಎರಡು ತೋಳುಗಳನ್ನು ಚಾಚಿದ, ಅಂಜಮ್ಮ ಚಾಚುತ್ತಿದ್ದಷ್ಟೇ ಅಗಲಕ್ಕೆ.

"ಮೊಳ ಕೇಳಬ್ಯಾಡ್ರೀ" ಎಂದ, ಮೆಲ್ಲಗೆ. "ಮಾರು ತಗೊಳ್ರೀ. ನನ್ ಕೈ ಉದ್ದ ಐತೆ."

ಯಾರೂ ನಗಲಿಲ್ಲ. ಗಂಗೋತ್ರಿ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದಳು. ಆಮೇಲೆ ಮುತ್ತುರಾಜನ ಜೊತೆ ಮನೆಯ ದಾರಿ ಹಿಡಿದಳು.